ಕರೆಂಟಿಲ್ಲದ ದಿನ ಓದುತ್ತಿದ್ದ ಕಾಕಾ

ಹೋದ ತಿಂಗಳು ಸೂರತ್ತಿನ ಅಡಾಜಣ್‌ನಲ್ಲಿ ಮಗನ ಸ್ನೇಹಿತರ ಹೊಸ ಫ್ಲ್ಯಾಟಿಗೆ ಊಟಕ್ಕೆ ಹೋಗಿದ್ದೆ. ಟೀವಿ ಪಕ್ಕದ ಗಾಜಿನ ಕಪಾಟಿನಲ್ಲಿ ಮಗ್ಗದ ಒಂದು ಮರದ ಲಾಳಿ ಇಟ್ಟಿದ್ದರು. ಪಾಲಿಶ್ ಹೊಡೆದು, ನೂಲಿನ ಕಂಡಿಕೆ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಹೂ ಸಿಕ್ಕಿಸಿದ್ದರು. ‘ಆಂಟಿಕ್ ಛೇ, ಅಂಕಲ್’, ಹಳೇ ಕಾಲದ್ದು ಎಂದು ಗುಜರಾತಿಯಲ್ಲಿ ಹೇಳಿದರು ಮನೆಯಾಕೆ. ಕೈಗೆತ್ತಿಕೊಂಡೆ. ಹೆಬ್ಬೆರಳು ತಾನಾಗಿಯೇ ತುದಿಯ ಉಕ್ಕಿನ ಮೊನೆಗೆ ಹೋಯಿತು. ಆ ಮೊನೆ ಮನುಷ್ಯನ ಕಣ್ಣಿಗೆ ಏನು ಮಾಡುತ್ತದೆಂದು ಕಂಡವನು ನಾನು. ಕಾಕಾ ನೆನಪಾದರು...

ನಾನು ಬನಹಟ್ಟಿಯ ಕಡೆಯವನು. ಏಳನೆಯ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಬಿದ್ದೆ. ಇಪ್ಪತ್ತೆರಡಕ್ಕೆ ಸೂರತ್ತಿನ ಉಧ್ನಾಕ್ಕೆ ಬಂದು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆದೆ. ಜಾಬರ್ ಎಂದರೆ ಕೆಟ್ಟ ಮಗ್ಗವನ್ನು ಸರಿಪಡಿಸಿ ಓಡಿಸುವವನು. ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಎಷ್ಟನೇ ಮಗ್ಗದ ಹೊಡೆತ ತಡವಾಗುತ್ತಿದೆ ಎಂದು ಹೇಳುತ್ತಿದ್ದೆ. ಓದಿದವರು ಬಹಳ ಜನ ನನ್ನ ಮುಂದೆ ತಲೆ ಕೆರೆದುಕೊಂಡು ನಿಂತಿದ್ದಾರೆ. ಜಂಬವೆಂದರೆ ಜಂಬ, ಆದರೆ ದುಡಿದು ಸಂಪಾದಿಸಿದ ಜಂಬ.

ಎಲ್ಲರೂ ಕಾಕಾ ಎನ್ನುತ್ತಿದ್ದ ಮುದುಕರು ನಮ್ಮ ಚಾಳಿನ ಸಾಲುಮನೆಗಳ ಕೊನೆಯ ಖೋಲಿಯಲ್ಲಿದ್ದರು. ಬೀದರ್ ಕಡೆಯವರು, ಕ್ರಿಶ್ಚಿಯನ್ನರು. ರೇಲ್ವೆಯಲ್ಲಿ ಹಳಿ ಬದಲಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ವಡೋದರಾದಲ್ಲಿ. ಪ್ಲೇಗ್ ಬಂದ ವರ್ಷ ಅರ್ಧ ಸೂರತ್ತು ಗಂಟುಮೂಟೆ ಕಟ್ಟಿ ಓಡಿತಲ್ಲ, ನಾನೂ ಓಡಿದ್ದೆ, ಆಗ ಈತ ಓಡಲಿಲ್ಲ. ಉಳಿದವರಿಗೆ ಗಂಜಿ ಬೇಯಿಸಿ ಹಾಕಿದರಂತೆ. ಎಲ್ಲರೂ ದೊಡ್ಡ ಮನುಷ್ಯ ಎಂದರು. ನನಗೆ ಅಂದಿನಿಂದಲೇ ಅನುಮಾನ. ಜೀವದ ಆಸೆಯಿಲ್ಲದ ಮನುಷ್ಯನಿಗೆ ಬೇರೆ ಯಾವ ಆಸೆ ಇದೆಯೋ ಯಾರು ಬಲ್ಲರು!

ಇನ್ನೊಂದು ಸಂಗತಿ. ನಮ್ಮ ಕಾರ್ಖಾನೆಗಳಿಗೆ ವಾರಕ್ಕೊಂದು ದಿನ ಕರೆಂಟ್ ಇರುತ್ತಿರಲಿಲ್ಲ. ಅದೇ ನಮ್ಮ ರಜೆ. ಕಾಕಾ ತಮ್ಮ ಖೋಲಿಯಲ್ಲಿ ಜನರನ್ನು ಕೂರಿಸಿಕೊಂಡು ಬೈಬಲಿನ ಸುವಾರ್ತೆ ಓದುತ್ತಿದ್ದದ್ದು ಭಾನುವಾರವಲ್ಲ, ಆ ದಿನ. ದೇವರ ದಿನವನ್ನೇ ಮಗ್ಗದವರ ರಜೆಗೆ ಜರುಗಿಸಿದರೆ ಅದರಲ್ಲಿ ಏನೋ ಇರಲೇಬೇಕು ಎಂದುಕೊಂಡೆ.

ಪ್ಲೇಗ್ ಬಂದ ಆ ವರ್ಷವೇ ನಮ್ಮ ಶೆಡ್ಡಿನಲ್ಲಿ ಒಡಿಶಾದ ನೇಕಾರನೊಬ್ಬನ ಬಲಗಣ್ಣು ಹೋಯಿತು. ಮಗ್ಗದಿಂದ ಲಾಳಿ ಹಾರಿ ನೇರ ಬಡಿಯಿತು. ಲಾಳಿ ಹಾರದಂತೆ ತಡೆಯಲು ಮಗ್ಗದ ಮುಂದೆ ಒಂದು ಕಬ್ಬಿಣದ ಸರಳು ಇರುತ್ತದೆ. ಎಳೆ ಹರಿದಾಗ ಕೂಡಿಸಲು ಅದು ಕೈಗೆ ಅಡ್ಡ, ಕೆಲಸ ನಿಧಾನ. ಹಾಗಾಗಿ ಶೆಡ್ಡಿನ ಮಾಲೀಕ ಶೇಠ್ ಎಲ್ಲ ಮಗ್ಗಗಳ ಸರಳನ್ನೂ ತೆಗೆಸಿದ್ದ. ಆಮೇಲೆ ‘ಅವನು ತೂಕಡಿಸುತ್ತಿದ್ದ, ತಪ್ಪು ಅವನದೇ’ ಎಂದುಬಿಟ್ಟ. ಕೆಲಸವೂ ಹೋಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅವನು ಕಾಕಾನ ಖೋಲಿ ಸೇರಿದ.

ಶೇಠ್ ನನ್ನನ್ನು ಕರೆದು, ‘ತೇರೇ ಹೀ ಮುಲುಕ್ ಕಾ ಹೈ ನಾ ವೋ ಬುಡ್ಢಾ? ಜಾ ಕೇ ಬೈಠ್’ ಎಂದ. ನಮ್ಮ ಸೀಮೆಯ ಆ ಮುದುಕನ ಓದಿಗೆ ಹೋಗಿ ಕೂರಬೇಕಂತೆ. ಯೂನಿಯನ್ ಕಟ್ಟುತ್ತಾನೋ, ಧರ್ಮ ಕೆಡಿಸುತ್ತಾನೋ ನೋಡಿಕೊಂಡು ಬರಬೇಕಿತ್ತು. ಹೇಳದಿದ್ದರೂ ನಾನು ಹೋಗುತ್ತಿದ್ದೆನೇನೋ.

ಐದಾರು ಜನ ಚಾಪೆಯ ಮೇಲೆ ಕೂತಿದ್ದರು. ಕಾಕಾ ಚಹಾದ ಲೋಟ ಚಾಚಿದರು. ಅವರ ಜಾತಿ ಯಾವುದೆಂದು ಊರ ಕಡೆಯವನಾದ ನನಗೆ ಗೊತ್ತಿತ್ತು. “ನಾ ಚಹಾ ಬಿಟ್ಟೇನ್ರೀ” ಎಂದೆ.

“ಛಲೋ ಮಾಡ್ದಿ ಜಾಬರ್, ಸಕ್ಕರಿ ಉಳೀತು” ಎಂದು ನಕ್ಕು, ಆ ಲೋಟವನ್ನು ತಾವೇ ಕುಡಿದರು.

ಕನ್ನಡದಲ್ಲಿ ಓದಿ, ರೇಲ್ವೆ ಹಿಂದಿಯಲ್ಲಿ ಕಥೆ ಹೇಳುತ್ತಿದ್ದರು. ಪ್ರಾರ್ಥನೆ ಮಾಡಿ ಎಂದು ಯಾರಿಗೂ ಹೇಳಲಿಲ್ಲ. ಅದೂ ಒಂದು ಉಪಾಯವೇ ಇರಬಹುದು ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಅಂದು ದ್ರಾಕ್ಷಿ ತೋಟದ ಕೂಲಿಗಳ ಕಥೆ. ಬೆಳಗಿನಿಂದ ದುಡಿದವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟನಂತೆ. ನನಗೆ ತಡೆಯಲಾಗಲಿಲ್ಲ.

“ಇದ್ಯಾವ ನ್ಯಾಯರೀ? ಮುಂಜಾನಿಂದ ಮೈ ಮುರದವಾ ಏನು ಹುಚ್ಚನ?”

“ನಾಕಾದಾಗ ಸಂಜೀತನ ನಿಂತ್ರೂ ಯಾರೂ ಕರೀಲಿಲ್ಲಂದ್ರ, ಅವನ ಹೊಟ್ಟಿ ನಿನ್ನ ಹೊಟ್ಟಿಗಿಂತ ಸಣ್ಣದೇನು ತಮ್ಮಾ?”

ಕೂಲಿಗೆ ಕಾದು ರಸ್ತೆ ಕೂಡುವ ನಾಕಾದಲ್ಲಿ ನಾನೂ ನಿಂತವನೇ. ಸಿಟ್ಟು ಬಂತು.

ಓದಿದ ಮೇಲೆ ಅವರಲ್ಲೊಂದು ಪದ್ಧತಿ ಇತ್ತು. ಅರ್ಥ ಬಿಡಿಸುತ್ತಿರಲಿಲ್ಲ. ಒಬ್ಬೊಬ್ಬರನ್ನೇ ನೋಡಿ, ‘ಇದರಾಗ ನೀ ಯಾರು?’ ಎಂದು ಕೇಳುತ್ತಿದ್ದರು. ನಾಲ್ಕನೆಯ ವಾರವೋ ಐದನೆಯದೋ, ಕೈ ಬತ್ತಿದ ಮನುಷ್ಯನ ಕಥೆ ಬಂತು. ಕೆಲಸ ನಿಷೇಧದ ದಿನ; ಯೇಸು ಗುಣ ಮಾಡುತ್ತಾನೋ ಇಲ್ಲವೋ, ಮಾಡಿದರೆ ದೂರು ಕೊಡೋಣ ಎಂದು ಕೆಲವರು ಕಾದು ಕೂತಿದ್ದಾರೆ. ಯೇಸು ಕೈ ಬತ್ತಿದವನನ್ನು ಎಬ್ಬಿಸಿ ಎಲ್ಲರ ನಡುವೆ ನಿಲ್ಲಿಸುತ್ತಾನೆ. ಜೀವ ಉಳಿಸುವುದು ಸರಿಯೋ ತೆಗೆಯುವುದು ಸರಿಯೋ ಎಂದು ಕೇಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ.

“ಗುಣಾನೇ ಮಾಡೋದಿತ್ತಂದ್ರ ಮೂಲ್ಯಾಗ ಕರದು ಮಾಡಬಹುದಿತ್ತು. ನಡುವ ಯಾಕ ನಿಂದರಿಸ್ದ?” ಎಂದರು ಕಾಕಾ. ಮತ್ತೆ ಅದನ್ನೇ ಹಿಂದಿಯಲ್ಲಿ ಕೇಳಿದರು.

ಒಡಿಶಾದವನು ಪಟ್ಟಿ ಮುಟ್ಟಿಕೊಂಡ. “ಕೋನೇ ಮೇಂ ರಖೋಗೇ ತೋ ಕೌನ್ ದೇಖೇಗಾ, ಕಾಕಾ?” ಮೂಲೆಯಲ್ಲಿಟ್ಟರೆ ನೋಡುವವರು ಯಾರು. ಆಮೇಲೆ, ನಡುವೆ ನಿಂತವನು ನಾನೇ ಎಂದ.

ಸರದಿ ನನಗೆ ಬಂತು. “ಜಾಬರ್, ಇದರಾಗ ನೀ ಯಾರು?”

“ನಾ ಬರೇ ಕೇಳಾಕ ಬಂದಾವರೀ.”

“ಅಲ್ಲೂ ಬರೇ ಕೇಳಲಕ್ಕ ಬಂದವ್ರು ಇದ್ರು ನೋಡು” ಎಂದು ಪುಸ್ತಕ ಮುಚ್ಚಿದರು.

ಈತನಿಗೆ ಎಲ್ಲ ಗೊತ್ತಿದೆ. ಇಷ್ಟು ವಾರದ ಓದು ನನಗಾಗಿ ಹಾಸಿದ ಬಲೆ. ಸರಳು ತೆಗೆದ ಕಥೆಗೆ ನನ್ನಂಥ ಸಾಕ್ಷಿ ಬೇರೆ ಯಾರು ಸಿಗುತ್ತಾರೆ... ಮರುದಿನ ಬೆಳಗಾಗುತ್ತಲೇ ನನ್ನ ಊಹೆಯನ್ನೇ ಖಚಿತ ಸುದ್ದಿಯಂತೆ ಶೇಠಿಗೆ ಹೇಳಿದೆ: ಸರ್ಕಾರಕ್ಕೆ ಅರ್ಜಿ ಹೋಗುತ್ತಿದೆ, ಬರೆಯುತ್ತಿರುವುದು ಕಾಕಾ.

ಅರ್ಜಿ ನಿಜಕ್ಕೂ ಹೋಗಿಯೇಬಿಟ್ಟಿತ್ತು. ಕಾರ್ಖಾನೆ ಇಲಾಖೆಯ ಸಾಹೇಬರು ತನಿಖೆಗೆ ಬರುವ ದಿನ ಬೆಳಿಗ್ಗೆ ಶೇಠ್ ಎಲ್ಲ ಮಗ್ಗಕ್ಕೂ ಹೊಸ ಸರಳು ಹಾಕಿಸಿದ. ಹಾಕಿದವನು ನಾನು. ಬೋಲ್ಟುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಗ್ರೀಸ್ ಬಳಿದು ಮಸುಕು ಮಾಡಿದೆ. ಆ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿದೆ.

ಸಾಹೇಬರು ಎಲ್ಲರೆದುರು ನನ್ನನ್ನು ಕೇಳಿದರು, ಆ ದಿನ ಈ ಸರಳು ಇತ್ತೇ ಎಂದು. ಒಡಿಶಾದವನು ಎದುರಿಗೇ ನಿಂತಿದ್ದ. ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ.

‘ಥಾ, ಸಾಬ್’, ಇತ್ತು ಎಂದೆ.

ಒಡಿಶಾದವನು ಆ ವಾರವೇ ಊರಿಗೆ ಹೋದ. ಚಾಳಿನ ಮಾಲೀಕ ಶೇಠನ ಭಾವಮೈದುನ. ಕಾಕಾನಿಂದ ಖೋಲಿ ಬಿಡಿಸಿದ. ಹೊರಡುವ ಬೆಳಿಗ್ಗೆ ಅವರು ನನ್ನ ಬಾಗಿಲಿಗೆ ಬಂದರು. ಶಾಪ ಹಾಕಲು ಬಂದರೆಂದು ನಾನು ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

“ಜಾಬರ್, ಟ್ರಂಕ್ ಒಬ್ಬನಿಗಿ ಏಳವಲ್ದು. ಟೇಶನ್ ತನಕ ಕೈ ಹಚ್ತಿ ಏನು?”

ಒಂದು ಹಿಡಿ ಅವರು, ಒಂದು ಹಿಡಿ ನಾನು. ಉಧ್ನಾ ಸ್ಟೇಷನ್ನಿನಲ್ಲಿ ಟ್ರಂಕ್ ಇಳಿಸಿದೆವು. ಕೊನೆಗೆ ನಾನೇ ಕೇಳಿದೆ. “ನಾ ಯಾಕ ಬರತಿದ್ದೆ ಅಂತ ನಿಮಗ ಗೊತ್ತಿತ್ತೇನ್ರೀ?”

“ಮೊದಲ ದಿನಾನೇ.”

“ಮತ್ತ ಯಾಕ ಕೂಡಿಸ್ಕೊಂಡ್ರಿ?”

“ಚಾಪಿ ಮ್ಯಾಲ ಜಾಗ ಇತ್ತಲ್ಲೋ” ಎಂದರು. ಗಾಡಿ ಬಂತು. ಹತ್ತಿದ ಮೇಲೆ ಕಿಟಕಿಯಿಂದ ಏನಾದರೂ ಹೇಳುತ್ತಾರೆಂದು ನಿಂತೆ. ಗಾಡಿ ಹೊರಟೇಬಿಟ್ಟಿತು. ಟ್ರಂಕ್ ಹೊರಿಸಿದ್ದೂ ನನ್ನನ್ನು ಕುಗ್ಗಿಸಲಿಕ್ಕೇ ಇರಬೇಕೆಂದು ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಮರಳಿದೆ.

ಶೇಠ್ ಮತ್ತೆ ಸರಳು ಬಿಚ್ಚು ಎಂದ. ಅಂದು ಮಧ್ಯಾಹ್ನ ಒಂದೊಂದೇ ಬೋಲ್ಟಿನ ತಲೆಗೆ ಸುತ್ತಿಗೆ ಕೊಟ್ಟು, ಬೋಲ್ಟು ಬಿಚ್ಚುವ ಪಾನಾ ಹಿಡಿಯದಂತೆ ಜಜ್ಜಿಹಾಕಿದೆ. “ಜಾಮ್ ಆಗಿವೆ, ಕತ್ತರಿಸಿದರೆ ಮಗ್ಗ ಕೆಡುತ್ತದೆ” ಎಂದೆ. ನಂಬಿದ. ಆ ಶೆಡ್ಡಿನಲ್ಲಿ ಮತ್ತೆ ಯಾರ ಕಣ್ಣೂ ಹೋಗಲಿಲ್ಲ. ಆದರೆ ಕೈ ಮಾಡಿದ್ದನ್ನು ಬಾಯಿ ಹೇಳಲಿಲ್ಲವಲ್ಲ...

ಎರಡು ವರ್ಷದ ನಂತರ ಬಿಡಿಭಾಗ ತರಲು ವಡೋದರಾಕ್ಕೆ ಹೋದಾಗ ಫತೇಗಂಜಿನಲ್ಲಿ ಕೇಳಿ ಕೇಳಿ ಅವರ ಮಗಳ ಮನೆ ಹುಡುಕಿದೆ. ಆಕೆ ಬಾಗಿಲನ್ನು ಅರ್ಧವೇ ತೆರೆದು, “ಅಪ್ಪಾ ತೀರ್ಕೊಂಡು ಎಂಟು ತಿಂಗಳಾಯ್ತ್ರಿ. ನೀವ್ ಯಾರು?” ಎಂದರು. ಅಪ್ಪನನ್ನು ಕೇಳಿಕೊಂಡು ಬಂದ ಅಪರಿಚಿತನನ್ನು ಹೇಗೆ ನೋಡಬೇಕೋ ಹಾಗೆಯೇ ನೋಡುತ್ತಿದ್ದರು. ಪರಿಚಯದವನು ಎಂದಷ್ಟೇ ಹೇಳಿ ಮೆಟ್ಟಿಲಿಳಿದೆ.

ಈಗ ಶೇಠ್ ಇಲ್ಲ, ಆ ಶೆಡ್ಡಿನ ಜಾಗದಲ್ಲಿ ಬಟ್ಟೆಯ ಗೋದಾಮು ಎದ್ದಿದೆ. ಒಡಿಶಾದವನು ಬದುಕಿದ್ದಾನೋ ಇಲ್ಲವೋ, ಯಾವ ಊರೆಂದು ನಾನು ಅಂದು ಕೇಳಲೂ ಇಲ್ಲ. ನಾನು ಕ್ರಿಶ್ಚಿಯನ್ ಆಗಲಿಲ್ಲ. ಆಗು ಎಂದು ಅವರು ಹೇಳಲೂ ಇಲ್ಲ. ಏನೂ ಕಳೆದುಕೊಳ್ಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಈ ಮುದುಕ ಬಾಯಿ ಬಿಡುತ್ತಿದ್ದಾನೆ ಎಂದು ಓದುವವರಿಗೆ ಅನುಮಾನ ಬರಬಹುದು. ಬರಲಿ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೂ ಬರೆದಿಡುತ್ತೇನೆ. ಸಾಹೇಬರೇ, ಆ ದಿನ ಸರಳು ಇರಲಿಲ್ಲ. ಅವನು ತೂಕಡಿಸುತ್ತಲೂ ಇರಲಿಲ್ಲ. ಸರಳನ್ನು ಬಿಚ್ಚಿದ ಪಾನಾ ನನ್ನ ಕೈಯಲ್ಲಿತ್ತು.