ಕುಳ್ಳಿ ಮೇಡಂ ಆರಿಸಿದ ಹುಡುಗಿ

ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್‌ಗೆ ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಕುಳ್ಳಿ ಮೇಡಂ ಎಂದೂ ಹೆಸರು. ಆ ಹೆಸರು ಅವರ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. "ಇರೋದನ್ನ ತಾನೆ ಹೇಳ್ತಾರೆ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಸೀಟಿ ಊದಿದರೆ ಮಾತ್ರ ಆರಡಿಯ ಹುಡುಗಿಯರೂ ನೆಟ್ಟಗೆ ನಿಲ್ಲಬೇಕಿತ್ತು.

ಹುಡುಗಿಯಾಗಿದ್ದಾಗ ಇದೇ ಕಾಲೇಜಿಗೆ ಆಟದ ಸೀಟು ಕೇಳಿಕೊಂಡು ಬಂದಿದ್ದರು. ಆಗಿನ ಕೋಚ್ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿ (ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ) "ನೀನು ಚೆಸ್ ಆಡಮ್ಮ" ಎಂದಿದ್ದರು. ಮೇಡಂ ಎಲ್ಲರಂತೆ ಫೀಸು ಕಟ್ಟಿ ಸೇರಿ, ದಿನಾ ಬೆಳಿಗ್ಗೆ ಕೋರ್ಟಿನ ಪಕ್ಕ ಹೋಗಿ ನಿಂತರು. ಹೊರಗೆ ಹೋದ ಚೆಂಡನ್ನು ತಂದು ಕೊಟ್ಟರು. ಒಬ್ಬಳು ಕಾಲು ಉಳುಕಿಸಿಕೊಂಡ ದಿನ ಒಳಗೆ ಕಾಲಿಟ್ಟವರು ಮತ್ತೆ ಹೊರಗೆ ಬರಲಿಲ್ಲ. ಮಂಡಿ ಕೈಕೊಡುವ ತನಕ ಆಡಿದರು, ಕೈಕೊಟ್ಟ ಮೇಲೆ ಕಲಿಸತೊಡಗಿದರು.

ಆ ವರ್ಷ ಆಟದ ಕೋಟಾದಲ್ಲಿ ಉಳಿದಿದ್ದದ್ದು ಒಂದೇ ಸೀಟು. ಶಾಲೆಗಳ ಪಂದ್ಯಾವಳಿಯಲ್ಲಿ ಬಹುಮಾನ ಹಂಚಿ ಬಂದ ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿದರು.

"ಒಬ್ಬ ಹುಡುಗಿಯನ್ನ ನೋಡಿದೆ ಮೇಡಂ. ಅವಳ ಮುಖ ನೋಡೋಷ್ಟರಲ್ಲಿ ನಂಗೆ ಕತ್ತು ನೋವು ಬಂತು. ಕಣ್ಣು ಮುಚ್ಕೊಂಡು ತಗೊಳ್ಳಿ."

"ಕಣ್ಣು ಬಿಟ್ಕೊಂಡೇ ನೋಡ್ತೀನಿ ಸರ್. ನೋಡಿ ಹೇಳ್ತೀನಿ."

ಹನ್ನೆರಡನೇ ಕ್ಲಾಸಿನ ಆ ಹುಡುಗಿ ಚಿಕ್ಕಮ್ಮನ ಜೊತೆ ಬಂದಳು. ಅವಳನ್ನು ಸಾಕಿದ್ದು ಈ ಚಿಕ್ಕಮ್ಮನೇ. ನ್ಯಾಯಾಲಯದ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದವಳು, ಮಾತಿಗೆ ಕಮ್ಮಿಯಿಲ್ಲ. "ತಲೆ ಬಡಿದೂ ಬಡಿದೂ ನಮ್ಮನೆ ಬಾಗಿಲ ಚೌಕಟ್ಟೇ ಸಡಿಲ ಆಗಿದೆ ಮೇಡಂ. ಕ್ಲಾಸಲ್ಲಿ ಇವಳನ್ನ ಕಂಬ ಅಂತಾರೆ." ಹುಡುಗಿ ಭುಜ ಬಗ್ಗಿಸಿಕೊಂಡು, ಆದಷ್ಟು ಚಿಕ್ಕವಳಾಗಲು ನೋಡುತ್ತ ನಿಂತಿದ್ದಳು.

ಚೆಂಡು ಹಾಕುವ ರಿಂಗಿನ ಕೆಳಗೆ ಅವಳನ್ನು ನಿಲ್ಲಿಸಿ ಆಡಿಸಿದರು. ಕಾಲೇಜಿನ ದಪ್ಪ ಹುಡುಗಿಯೊಬ್ಬಳು ಬೆನ್ನು ಕೊಟ್ಟು ತಳ್ಳಿದರೆ ಕಂಬ ಎರಡು ಹೆಜ್ಜೆ ಹಿಂದಕ್ಕೆ. ಕೈಗೆ ಬಂದ ಚೆಂಡು ನೆಲಕ್ಕೆ. ತಳ್ಳಿಸಿಕೊಂಡವಳೇ "ಸಾರಿ ಅಕ್ಕ" ಎನ್ನುತ್ತಿದ್ದಳು.

"ಮರ ಬೆಳೆದಿದೆ, ಹಣ್ಣಿಲ್ಲ" ಎಂದು ಸಹಾಯಕ ಕೋಚ್ ಮೂಗು ಮುರಿದ.

ಮೇಡಂ ಅವರಿಗೆ ಒಳಗೊಳಗೇ ಒಂದು ನೆಮ್ಮದಿಯಾಯಿತು. ಮರುಗಳಿಗೆಯಲ್ಲೇ ಆ ನೆಮ್ಮದಿ ಅವರನ್ನು ಚುಚ್ಚಿತು. ಉದ್ದದವರಿಗೆ ಎಲ್ಲವೂ ಪುಕ್ಕಟೆ ಸಿಗುತ್ತದೆ ಎಂಬ ಹಳೆಯ ಹೊಟ್ಟೆಕಿಚ್ಚು ಇದು, ಬೇರೇನಲ್ಲ. ತನ್ನನ್ನು ಅಳತೆಪಟ್ಟಿ ಹಿಡಿದು ತಳ್ಳಿದ್ದರು. ತಾನು ಅದೇ ಪಟ್ಟಿಯನ್ನು ತಿರುಗಿಸಿ ಹಿಡಿದರೆ ಏನು ವ್ಯತ್ಯಾಸ? ಈ ಹುಡುಗಿಯನ್ನು ಸರಿಯಾಗಿ ನೋಡದೆ ಹೌದು ಅನ್ನುವುದೂ ಇಲ್ಲ, ಇಲ್ಲ ಅನ್ನುವುದೂ ಇಲ್ಲ ಎಂದು ಗಟ್ಟಿ ಮಾಡಿಕೊಂಡರು.

ಆ ವಾರವೇ ಅವಳ ಶಾಲೆಯ ಪಂದ್ಯ ನೋಡಲು ಹೋದರು. ಅಲ್ಲಿಯೂ ಅದೇ ಕಥೆ. ಹುಡುಗಿ ರಿಂಗಿನ ಕೆಳಗೆ, ಅವರ ಮೇಷ್ಟ್ರು ಗೆರೆಯಾಚೆಯಿಂದ "ಕೈ ಎತ್ತೇ! ಕೈ ಎತ್ತು!" ಎಂದು ಗಂಟಲು ಹರಿದುಕೊಳ್ಳುವುದು. ಶಾಲೆ ಸೋತಿತು, ಜನ ಚದುರಿದರು. ಮೇಡಂ ಮಂಡಿ ನೀವಿಕೊಂಡು ಮೆಟ್ಟಿಲ ಮೇಲೆಯೇ ಕುಳಿತಿದ್ದರು.

ಆಗ ಆರನೇ ಕ್ಲಾಸಿನ ಪುಟಾಣಿಗಳು ಕೋರ್ಟಿಗೆ ನುಗ್ಗಿ ಕಂಬಕ್ಕನನ್ನು ಆಟಕ್ಕೆಳೆದರು. ಹುಡುಗಿ ಸೊಂಟ ಬಗ್ಗಿಸಿ ಚೆಂಡನ್ನು ಮಂಡಿಯ ಮಟ್ಟದಲ್ಲಿ ಪುಟಿಸುತ್ತ ಅವರ ನಡುವೆ ನುಸುಳಿದಳು. ಎಡಕ್ಕೆ ನೋಡಿ ಬಲಕ್ಕೆ ಎಸೆದಳು. ಬಲಗಡೆಯ ಪುಟಾಣಿಗೆ ಚೆಂಡು ಎದೆಯ ಹತ್ತಿರ ಬಂದಾಗಲೇ ಗೊತ್ತಾಗಿದ್ದು.

ಮೇಡಂ ಎದ್ದು ಬಂದರು. "ಇದನ್ನ ಎಲ್ಲಿ ಕಲಿತೆ?"

ಹುಡುಗಿ ತಪ್ಪು ಮಾಡಿದವಳಂತೆ ಚೆಂಡು ಹಿಡಿದು ನಿಂತಳು. "ಎಂಟನೇ ಕ್ಲಾಸ್‌ವರೆಗೂ ನಾನೇ ಎಲ್ಲರಿಗಿಂತ ಕುಳ್ಳಿ ಮೇಡಂ. ಚೆಂಡು ತಗೊಂಡು ಹೋಗೋದು, ಹಂಚೋದು, ಎಲ್ಲಾ ನಾನೇ. ಆಮೇಲೆ ಒಂದೇ ಸಮ ಉದ್ದ ಆಗ್ಬಿಟ್ಟೆ. ಮೇಷ್ಟ್ರು ರಿಂಗ್ ಕೆಳಗೆ ನಿಲ್ಲು ಅಂದ್ರು."

"ನಿಂಗೆ ಅಲ್ಲಿ ನಿಲ್ಲೋದು ಇಷ್ಟಾನಾ?"

"ಯಾರೂ ಕೇಳಿಲ್ಲ ಮೇಡಂ."

ಮತ್ತೊಮ್ಮೆ ಕಾಲೇಜಿಗೆ ಕರೆಸಿ, ಈ ಸಲ ಚೆಂಡನ್ನು ಅವಳ ಕೈಗೇ ಕೊಟ್ಟು ಆಟ ನಡೆಸಲು ಬಿಟ್ಟರು. ಎಲ್ಲವೂ ಹೂವೆತ್ತಿದ ಹಾಗೆ ಆಗಲಿಲ್ಲ. ತಂಡದ ಚುರುಕಿನ ಹುಡುಗಿ ಎರಡು ಸಲ ಅವಳ ಕೈಯಿಂದ ಚೆಂಡು ಕಿತ್ತಳು. ಬೇಗ ಬೆಳೆದ ಕಾಲುಗಳಿಗೆ ಇನ್ನೂ ಕಸುವು ಬಂದಿರಲಿಲ್ಲ. ಅರ್ಧ ಆಟಕ್ಕೇ ಏದುಸಿರು. ಆದರೆ ಎಲ್ಲರ ತಲೆಯ ಮೇಲಿಂದ ಇಡೀ ಕೋರ್ಟು ಅವಳಿಗೆ ಕಾಣುತ್ತಿತ್ತು. ಕುಳ್ಳಿ ಮೇಡಂ ತಾವು ಆಡುವಾಗ ಕುಣಿದು ಕುಪ್ಪಳಿಸಿ ನೋಡಬೇಕಾಗಿದ್ದದ್ದನ್ನು ಈ ಹುಡುಗಿ ಸುಮ್ಮನೆ ನಿಂತೇ ನೋಡುತ್ತಿದ್ದಳು.

ಮೇಡಂ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು.

"ತಗೊಳ್ಳೋಣ ಸರ್. ಆದ್ರೆ ಈ ವರ್ಷ ಕಪ್ ಬರಲ್ಲ. ಅವಳನ್ನ ರಿಂಗ್ ಕೆಳಗೂ ನಿಲ್ಲಿಸಲ್ಲ, ಚೆಂಡು ತಗೊಂಡು ಹೋಗಿ ಆಟ ನಡೆಸೋ ಗಾರ್ಡ್ ಮಾಡ್ತೀನಿ. ಎರಡು ವರ್ಷ ಬೇಕು."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಒಂಟೆ ತಂದು ಕುದುರೆ ಓಟಕ್ಕೆ ಬಿಡ್ತೀರಾ? ಉದ್ದ ಇರೋದೇ ಅದಕ್ಕೆ ಅಲ್ವಾ ಮೇಡಂ, ರಿಂಗ್ ಕೆಳಗೆ ನಿಲ್ಲೋಕೆ? ಆಡೋಕೆ ತಯಾರಾಗಿರೋ ಬೇರೆ ಹುಡುಗೀರು ಸಿಗ್ತಾರೆ."

"ಸಿಗ್ತಾರೆ. ಇವತ್ತು ಇವಳಿಗಿಂತ ಚೆನ್ನಾಗೂ ಆಡ್ತಾರೆ. ನಾಲ್ಕು ವರ್ಷ ಆದ್ಮೇಲೂ ಅಷ್ಟೇ ಆಡ್ತಿರ್ತಾರೆ."

"ಸೋತ್ರೆ?"

"ನನ್ನನ್ನ ಕೇಳಿ. ಅವಳನ್ನ ಕೇಳಬೇಡಿ."

ಪ್ರಿನ್ಸಿಪಾಲರು ಕನ್ನಡಕ ಮತ್ತೆ ಏರಿಸಿಕೊಂಡು ಸೀಟಿನ ಅರ್ಜಿಗೆ ಸಹಿ ಹಾಕಿದರು.

ಸಂಜೆ ಮೇಡಂ ಜೆರಾಕ್ಸ್ ಅಂಗಡಿಗೆ ಹೋಗಿ ಚಿಕ್ಕಮ್ಮ, ಹುಡುಗಿ ಇಬ್ಬರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೊದಲ ವರ್ಷ ಪಂದ್ಯವಿಲ್ಲ, ಕಾಲು ಗಟ್ಟಿ ಮಾಡುವುದೇ ಕೆಲಸ. ಓದಿನಲ್ಲಿ ಹಿಂದೆ ಬಿದ್ದರೆ ಆಟವೂ ಇಲ್ಲ.

"ಅಂದ್ರೆ ಒಂದು ವರ್ಷ ಬೆಂಚ್ ಮೇಲಾ?" ಹುಡುಗಿಯ ಮುಖ ಕೆಂಪಾಯಿತು. "ನಂಗೆ ಬೆಂಚ್ ಅಭ್ಯಾಸ ಇಲ್ಲ ಮೇಡಂ."

"ಮಾಡ್ಕೋ."

ಚಿಕ್ಕಮ್ಮ ಯಂತ್ರದ ಮುಚ್ಚಳ ತೆಗೆದು ಮುಚ್ಚುತ್ತಲೇ ಅಂದಳು: "ಬಂದೋರೆಲ್ಲ ಇವಳ ಉದ್ದ ಎಷ್ಟು ಅಂತ ಕೇಳ್ತಾರೆ. ನೀವೊಬ್ರೇ ಬೇರೆ ಮಾತಾಡಿದ್ದು. ಕಳಿಸ್ತೀನಿ."

ಮೊದಲ ವರ್ಷ ತಂಡ ಎರಡನೇ ಸುತ್ತಿನಲ್ಲೇ ಮನೆಗೆ ಬಂತು. ಪ್ರಿನ್ಸಿಪಾಲರು ಮೈದಾನದ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಹುಡುಗಿ ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಒಂದು ದಿನ ಸಿಟ್ಟಿನಿಂದ ಶೂ ಕಿತ್ತೆಸೆದು ಹೋಗಿಯೂ ಬಿಟ್ಟಳು. ಮೇಡಂ ಕರೆಯಲಿಲ್ಲ. ಮಾರನೆಯ ಬೆಳಿಗ್ಗೆ ಗೇಟು ತೆಗೆಯುವ ಮುಂಚೆ ಅವಳೇ ಬಂದು, "ನನ್ ಶೂ ಎಲ್ಲಿ ಮೇಡಂ?" ಎಂದಳು.

ಎರಡನೇ ವರ್ಷ ಆಟ ಅವಳ ಕೈಗೆ ಬಂತು. ಸೆಮಿಫೈನಲ್‌ನಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಎರಡೇ ಅಂಕದಿಂದ ಸೋತರು. ಆದರೂ ಎದುರಾಳಿ ಕೋಚ್ ಬಂದು ಮೇಡಂ ಅವರ ಕೈ ಕುಲುಕಿ, "ಎಲ್ಲಿಂದ ಹಿಡಿದ್ರಿ ಇವಳನ್ನ?" ಎಂದು ಕೇಳಿದರು. ಮುಂದಿನ ತಿಂಗಳು ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು.

ಆಯ್ಕೆಯ ಹಾಳೆ ಬಂದಾಗ ಅವಳ ಹೆಸರಿನ ಮುಂದೆ 'ಸೆಂಟರ್' ಎಂದಿತ್ತು. ಅಂದರೆ ಮತ್ತೆ ರಿಂಗಿನ ಕೆಳಗೆ. ಮೇಡಂ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಕಚೇರಿಗೆ ಹೋದರು.

"ಗುಮಾಸ್ತರೇ, ಇದು ಗಾರ್ಡ್ ಆಗ್ಬೇಕು."

"ಎತ್ತರ ನೋಡಿ ಹಾಕಿದ್ದು ಮೇಡಂ. ನಾಳೆ ಬನ್ನಿ, ನೋಡೋಣ."

"ನಾಳೆ ಪ್ರಾಕ್ಟೀಸ್ ಇದೆ. ನಾನು ಇಲ್ಲೇ ಕೂತಿರ್ತೀನಿ, ನೀವು ನಿಧಾನವಾಗಿ ಮಾಡಿ" ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಗುಮಾಸ್ತ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಅವರನ್ನು ನೋಡಿದ, ಆಮೇಲೆ ಕಂಪ್ಯೂಟರ್ ಕಡೆ ತಿರುಗಿದ.