ತುಸು ದೂರದಿಂದ ಕೇಳಿದ ಹಾಡು

ಮಳೆ ಹಿಂದೆಗೆದು ಬಿಸಿಲು ಬಿದ್ದ ಮೊದಲ ದಿನ ಕೌದಿಯನ್ನು ಬಾಲ್ಕನಿಯ ಕಂಬಿಯ ಮೇಲೆ ಹರವಿದ್ದೆ. ಅವ್ವನ ಹಳೆಯ ಸೀರೆಗಳನ್ನು ಕೂಡಿಸಿ ಗದಗಿನಲ್ಲಿ ಹೊಲಿಸಿದ ಕೌದಿ ಅದು. ಸಂಜೆ ಮಡಚುವಾಗ ಒಂದು ಅಂಚು ಕೆನ್ನೆಗೆ, ಕಿವಿಗೆ ತಾಗಿತು. ಬಿಸಿಲು ಕುಡಿದ ಹಳೆಯ ಹತ್ತಿಯ ವಾಸನೆ... ಮಡಚುವುದನ್ನು ಬಿಟ್ಟು ಅಲ್ಲೇ ನಿಂತುಬಿಟ್ಟೆ. ಈ ವಾಸನೆಯನ್ನು ನಾನು ಕಿವಿಯ ಹತ್ತಿರ ಕೊನೆಯ ಸಲ ಕಂಡದ್ದು ಒಂದು ಹೆಡ್‌ಫೋನಿನಲ್ಲಿ. ಅದಕ್ಕೆ ಕೌದಿಯ ಬಟ್ಟೆಯ ಗವಸು ತೊಡಿಸಿದವರು ಕಾಕಾ.

ಕಾಕಾ ನನಗೆ ಸಂಬಂಧದಿಂದ ಏನೂ ಆಗಬೇಕಿರಲಿಲ್ಲ. ಪುಣೆಯ ಧನಕವಡಿಯಲ್ಲಿ ನನ್ನ ಮನೆಯಿಂದ ನಾಲ್ಕು ಗಲ್ಲಿ ಆಚೆ ಇದ್ದವರು, ಮೂಲದಲ್ಲಿ ಬೆಳಗಾವಿಯವರು, ಇಲ್ಲಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾವು ಪರಿಚಯವಾದದ್ದು ಹೆಡ್‌ಫೋನಿನ ಹುಚ್ಚಿನವರ ಒಂದು ಸಣ್ಣ ಕೂಟದಲ್ಲಿ.

ಆ ಹುಚ್ಚು ನನಗೆ ಹೇಗೆ ಹತ್ತಿತೆಂದು ಹೇಳಬೇಕು. ನಾನು ಚಾಕಣದ ಕಾರ್ಖಾನೆಯೊಂದರಲ್ಲಿ, ಕಾರಿನ ಕಿಟಕಿ ಏರಿಸಿ ಇಳಿಸುವ ಮೋಟಾರುಗಳ ಸದ್ದು ಪರೀಕ್ಷಿಸುತ್ತೇನೆ. ಅದಕ್ಕೆಂದೇ ಗೋಡೆ ತುಂಬ ಸ್ಪಂಜು ಹೊಡೆದ ಒಂದು ಕೋಣೆ ಇದೆ. ಅದರೊಳಗೆ ಹೊರಗಿನ ಸದ್ದು ಒಂದಿಷ್ಟೂ ಬರುವುದಿಲ್ಲ. ಮಾತಾಡಿದರೆ ಮಾತು ಬಾಯಿಯ ಮುಂದೆಯೇ ಉದುರಿಬೀಳುತ್ತದೆ. ಮದುವೆ ಮುರಿದು ಒಬ್ಬಳೇ ಇರಲು ಶುರುಮಾಡಿದಾಗ ನನ್ನ ಮನೆಯೂ ಆ ಕೋಣೆಯ ಹಾಗೆಯೇ ಆಯಿತು. ಮನೆಗೆ ಬಂದು ಕೀಲಿ ತೆಗೆದರೆ ನನ್ನ ಚಪ್ಪಲಿಯ ಸದ್ದಷ್ಟೇ. ಟಿವಿ ಹಾಕಿದರೆ ಮತ್ತಷ್ಟು ಬಿಕೋ ಎನ್ನಿಸುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ಹಾಗಾಗುತ್ತಿರಲಿಲ್ಲ. ಯಾರೋ ತೀರ ಹತ್ತಿರ ಕೂತು, ನನಗೊಬ್ಬಳಿಗೇ ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ಸಾಲದೆ ಮತ್ತೊಂದು ತಂದೆ, ಆಮೇಲೆ ಅದಕ್ಕಿಂತ ಒಳ್ಳೆಯದು.

ಕೂಟ ಸೇರುತ್ತಿದ್ದದ್ದು ಉಡುಪಿ ಕಡೆಯವರ ಒಂದು ಹೋಟೆಲಿನ ಮಾಳಿಗೆಯಲ್ಲಿ, ಭಾನುವಾರ ಬೆಳಿಗ್ಗೆ. ಹೋಟೆಲಿನ ಮಾಲೀಕರೇ ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಹುಚ್ಚರು. ಕೆಳಗೆ ದೋಸೆಯ ಹೆಂಚಿನ ಸದ್ದು, ಗಿರಾಕಿಗಳ ಮರಾಠಿ ಗದ್ದಲ. ಮೇಲೆ ನಾವು ಕೆಲವರು ನಮ್ಮ ನಮ್ಮ ಡಬ್ಬಿ ಬಿಚ್ಚಿ ಒಬ್ಬರ ಹೆಡ್‌ಫೋನನ್ನು ಇನ್ನೊಬ್ಬರು ಹಾಕಿಕೊಂಡು ಕೇಳುತ್ತಿದ್ದೆವು. ಇದರಲ್ಲಿ ತಬಲಾ ಜೋಡಿಯ ಎಡಗಡೆಯ ಬಾಯಾಂ ತುಂಬಿ ಬರುತ್ತದೆ, ಅದರಲ್ಲಿ ತಂತಿಯ ಗುಂಗು ಬೇಗ ಸಾಯುತ್ತದೆ, ಇನ್ನೊಂದರಲ್ಲಿ ಹಾಡುವವರ ಉಸಿರು ಸಹ ಕೇಳುತ್ತದೆ... ಹೀಗೆ ಗಂಟೆಗಟ್ಟಲೆ ವಾದ. ಹೊರಗಿನವರು ನೋಡಿದ್ದರೆ ನಕ್ಕಿರುತ್ತಿದ್ದರು. ಸಾಲಾಗಿ ಕುರ್ಚಿ ಹಾಕಿ ಕೂತ ಜನ, ಒಬ್ಬೊಬ್ಬರೂ ಒಂದೊಂದು ಲೋಕದಲ್ಲಿ ತಲೆದೂಗುತ್ತ, ಕಾಫಿ ಬೇಕೇ ಎಂದು ಸನ್ನೆಯಲ್ಲಿ ಕೇಳುತ್ತ.

ಅಲ್ಲಿಗೆ ಒಂದು ದಿನ ಕಾಕಾ ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಮಾಲೀಕರು ತಮ್ಮಲ್ಲಿದ್ದ ಅತಿ ಒಳ್ಳೆಯ ಹೆಡ್‌ಫೋನನ್ನು ಹೆಮ್ಮೆಯಿಂದ ಕೊಟ್ಟು, ಯಾವ ಹಾಡು ಹಾಕಲಿ ಎಂದು ಕೇಳಿದರು.

"ಹಾಡು ಬ್ಯಾಡ್ರೀ," ಎಂದರು ಕಾಕಾ. "ಸುಮ್ಮನ ಹಾಕ್ಕೊಂಡು ಕೂಡ್ತೀನಿ."

ಹಾಗೆಯೇ ಕೂತರು. ಇಡ್ಲಿ ತಿಂದರು, ಕಾಫಿ ಕುಡಿದರು, ಪೇಪರ್ ಓದಿದರು. ತಲೆಯ ಮೇಲೆ ಸದ್ದಿಲ್ಲದ ಹೆಡ್‌ಫೋನ್. ಆಮೇಲೆ ತೆಗೆದು, ಕಿವಿಯ ಹಿಂದೆ ಬೆರಳಾಡಿಸಿ ನೋಡಿಕೊಂಡು, "ಲಗ್ನದಾಗ ಬಾಸಿಂಗ ಕಟ್ಟಿಧಾಂಗ ಬಿಗೀತದ್ರೀ ಇದು. ಆಗೂದಿಲ್ಲ," ಎಂದು ಮರಳಿಸಿದರು.

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಮುಂದಿನ ಭಾನುವಾರ ಮತ್ತೆ ಬಂದು ಮತ್ತೊಂದನ್ನು ಹಾಕಿಕೊಂಡು ಕೂತರು. ಅದು ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಂತಿದೆ ಎಂದರು. ಮತ್ತೊಂದರ ಚರ್ಮದ ಮೆತ್ತೆ ಬೆವರು ತರಿಸುತ್ತದೆ ಎಂದರು. ನನ್ನದನ್ನು ಹಾಕಿಕೊಂಡಾಗ ಎಡಗಿವಿಯ ಮೇಲಿನ ಒಂದು ಜಾಗವನ್ನು ಬೆರಳಿನಿಂದ ತೋರಿಸಿ, "ಇಲ್ಲಿ ಮುಟ್ಟಬಾರದು ತಂಗಿ. ಇಷ್ಟ ಜಾಗಾ ಬಿಟ್ಟಽ ಕೂಡಬೇಕು," ಎಂದರು.

"ಅಲ್ಲೇನಾಗಿದೆ ಕಾಕಾ?"

"ನನಗೇನಾಗಿಲ್ಲ. ನಮ್ಮನಿಯಾಕಿಗೆ." ಹಾಗೆಂದು ಹೆಡ್‌ಫೋನನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಹೇಳಿದರು. ಕಾಕುಗೆ, ಅಂದರೆ ಅವರ ಹೆಂಡತಿಗೆ, ತಲೆಯಲ್ಲಿ ಗಡ್ಡೆಯಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಓಣಿಯ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಡುತ್ತಿದ್ದ ಹೆಂಗಸು ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಸ್ಪೀಕರಿನಲ್ಲಿ ಹಾಡು ಹಾಕಿದರೆ ರಸ್ತೆಯ ಹಾರ್ನು, ಕುಕ್ಕರಿನ ಸೀಟಿ, ಹಾಡು ಎಲ್ಲವೂ ಒಂದರೊಳಗೊಂದು ಕಲಸಿ ಅವರಿಗೆ ತಲೆ ಸಿಡಿಯುತ್ತಿತ್ತಂತೆ. ಕಿವಿಯ ಹತ್ತಿರ ಸಣ್ಣಗೆ ಕೇಳಿದರೆ ಮಾತ್ರ ಹಾಡು ಹಾಡಾಗಿ ತಿಳಿಯುತ್ತಿತ್ತು. ಆದರೆ ಕಿವಿಯೊಳಗೆ ತೂರಿಸುವಂಥದ್ದು ಒಗ್ಗುತ್ತಿರಲಿಲ್ಲ. ಮೇಲೆ ಹಾಕಿಕೊಳ್ಳುವಂಥದ್ದು ಹೊಲಿಗೆಯ ಜಾಗವನ್ನು ಒತ್ತುತ್ತಿತ್ತು.

ಆಮೇಲೆ ಯಾರೂ ನಗಲಿಲ್ಲ. ಅವತ್ತಿನಿಂದ ಪ್ರತಿ ಭಾನುವಾರ ಎಲ್ಲರೂ ತಮ್ಮಲ್ಲಿನ ಹಗುರಾದದ್ದನ್ನು ಹುಡುಕಿ ತರತೊಡಗಿದರು.

ಕೊನೆಗೆ ಸಿಕ್ಕಿದ್ದು ಮಾಲೀಕರ ಕಪಾಟಿನ ಮೂಲೆಯಲ್ಲಿದ್ದ ಒಂದು ಹಳೆಯ ಹೆಡ್‌ಫೋನ್. ಮಖಮಲ್ಲಿನ ದೊಡ್ಡ ಮೆತ್ತೆಗಳು ಕಿವಿಯನ್ನು ಮುಟ್ಟದೆ ಸುತ್ತ ಕೂರುತ್ತಿದ್ದವು. ಕಾಕಾ ಅದನ್ನು ಹಾಕಿಕೊಂಡು ಪೇಪರ್ ಪೂರ್ತಿ ಓದಿ ಮುಗಿಸಿದರು. ತಲೆಯ ಮೇಲೆ ಇದೆ ಎಂಬುದನ್ನೇ ಮರೆತು ಕೈತೊಳೆಯಲು ಎದ್ದರು.

ಮಾಲೀಕರು ಮಾತ್ರ ಅನುಮಾನಿಸಿದರು. "ಇದು ನಿಮಗೆ ಆಗುದಿಲ್ಲ ಮಾರಾಯ್ರೆ. ಹಿಂದುಗಡೆ ಬರೀ ಜಾಲರಿ ನೋಡಿ, ಮುಚ್ಚಿದ್ದಲ್ಲ. ಹೊರಗಿನ ಶಬ್ದ ಒಳಗೆ ಬರ್ತದೆ, ಒಳಗಿನ ಹಾಡು ಹೊರಗೆ ಹೋಗ್ತದೆ. ಪಕ್ಕದಲ್ಲಿ ಕೂತವರಿಗೆ ಕಿರಿಕಿರಿ."

"ಹೊರಗ ಹೋಗ್ತದಂದ್ರ?"

ಮಾಲೀಕರು ತಾವೇ ಹಾಕಿಕೊಂಡು ಒಂದು ಹಾಡು ಹಚ್ಚಿದರು. ಕಾಕಾ ಬಗ್ಗಿ, ಮಾಲೀಕರ ಕಿವಿಯ ಜಾಲರಿಗೆ ತಮ್ಮ ಕಿವಿ ಹಚ್ಚಿದರು. ಸಾಸಿವೆ ಕಾಳಿನಷ್ಟು ಸಣ್ಣಗೆ, ತೆಳ್ಳಗೆ, ಹಾಡು ಹೊರಗೆ ಬರುತ್ತಿತ್ತು. ಕಾಕಾ ಬಹಳ ಹೊತ್ತು ಬಗ್ಗಿಯೇ ಇದ್ದರು. ಅವರು ತಲೆ ಎತ್ತಿದಾಗ ಆ ಮುಖ...

"ಇದಽ ಬೇಕ್ರೀ ನಮಗ. ರಸ್ತೆ ಕಡೆ ಕಿಟಕಿ ಮುಚ್ಕೋತೀನಿ," ಎಂದರು.

ನಮ್ಮ ಲೆಕ್ಕದಲ್ಲಿ ಅದು ಆ ಹೆಡ್‌ಫೋನಿನ ಕೊರತೆ. ಅವರಿಗೆ ಮಾಲೀಕರ ಮಾತು ಸರಿಯಾಗಿ ತಿಳಿಯಲಿಲ್ಲವೇನೋ ಎಂದುಕೊಂಡೆ. ಮಾಲೀಕರು ಅದನ್ನು ಅವರ ಚೀಲದಲ್ಲಿಟ್ಟರು. "ಅಮ್ಮ ಹುಷಾರಾಗುವವರೆಗೆ ನಿಮ್ಮ ಹತ್ರವೇ ಇರ್ಲಿ," ಎಂದರು.

ಹೊಂದಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಿಗಿ ಇನ್ನಷ್ಟು ಸಡಿಲಾಗಲೆಂದು ಅದನ್ನು ಮನೆಗೆ ಒಯ್ದು ಕೆಲವು ದಿನ ಅಗಲವಾದ ಸ್ಟೀಲ್ ಡಬ್ಬಿಗೆ ಏರಿಸಿಟ್ಟೆ. ಕಾಕಾ ಹಳೆಯ ಕೌದಿಯ ಒಳಪದರ ಬಿಚ್ಚಿ, ತೊಳೆದು ತೊಳೆದು ಹೂವಿನಂತಾಗಿದ್ದ ಬಟ್ಟೆಯಲ್ಲಿ ಮೆತ್ತೆಗಳಿಗೆ ಗವಸು ಹೊಲಿದಿದ್ದರು. ಹೊಲಿಗೆ ವಕ್ರವಾಗಿತ್ತು.

ಹೆಡ್‌ಫೋನ್ ತೊಡಿಸಲೆಂದು ಅವರ ಮನೆಗೆ ಒಯ್ದ ದಿನವೇ ಕಾಕುವನ್ನು ನಾನು ಮೊದಲು ನೋಡಿದ್ದು. ಬೋಳಿಸಿದ ತಲೆಯಲ್ಲಿ ಬೆಳ್ಳಿಯ ಚಿಗುರಿನಂತೆ ಕೂದಲು ಬರುತ್ತಿತ್ತು. ಕಣ್ಣು ಮಾತ್ರ ಬಲು ಚುರುಕು. ಕಾಕಾ ಎರಡೂ ಕೈಯಲ್ಲಿ ಹೆಡ್‌ಫೋನನ್ನು ಅಗಲಿಸಿ ಹಿಡಿದು, ಹಸುಗೂಸಿಗೆ ಕುಲಾವಿ ತೊಡಿಸುವಂತೆ ತೊಡಿಸಿದರು. ನಾನು ತಂಬೂರಿಯೊಂದಿಗೆ ಶುರುವಾಗುವ ಒಂದು ಖಯಾಲ್ ಹಚ್ಚಿದೆ.

ಕಾಕು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಹೊದಿಕೆಯ ಮೇಲೆ ಅವರ ಬೆರಳು ಆಡತೊಡಗಿದವು.

"ತಂಬೂರಿ ಎಡಕ್ಕ ಅದ," ಎಂದರು, ಕಣ್ಣು ತೆರೆಯದೆ. ಕಿವಿ ಮುಚ್ಚಿಕೊಂಡವರು ಮಾತಾಡುವಂತೆ ದನಿ ತುಸು ದೊಡ್ಡದಾಗಿತ್ತು. "ತಬಲಾ ಬಲಕ್ಕ. ಹಾಡೋರು ನನ್ನ ಹಣಿ ಮುಂದಽ ಕೂತಾರ. ರೀ, ಕೇಳಸ್ತದೇನು ನಿಮಗ?"

ಕಾಕಾ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು, ಮಂಚದ ತಲೆದೆಸೆಗೆ ಬಾಗಿ, ಆ ಜಾಲರಿಯ ಹತ್ತಿರ ಕಿವಿ ಇಟ್ಟು ಕೂತಿದ್ದರು. ಕೇಳುತ್ತದೆ ಎಂದು ಕಾಕುವಿನ ಅಂಗೈಯನ್ನು ಮೆಲ್ಲಗೆ ಒತ್ತಿದರು. ಅವರು ಆ ಹೆಡ್‌ಫೋನನ್ನೇ ಯಾಕೆ ಆರಿಸಿದರೆಂದು ನನಗೆ ಆಗ ತಿಳಿಯಿತು. ಬೇರೆ ಯಾವುದನ್ನು ತೊಡಿಸಿದ್ದರೂ ಕಾಕು ಹಾಡಿನೊಳಗೆ ಹೋಗುತ್ತಿದ್ದರು, ಇವರು ಹೊರಗೆ ಉಳಿಯುತ್ತಿದ್ದರು.

ಆ ಮಳೆಗಾಲವಿಡೀ ಭಾನುವಾರದ ಕೂಟ ಮುಗಿದ ಮೇಲೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಹೊಸ ಹಾಡು ಒಯ್ಯುತ್ತಿದ್ದೆ. ಕಾಕು ಕೇಳಿ ಮುಗಿಸಿ ತಪ್ಪದೆ ಅಭಿಪ್ರಾಯ ಹೇಳುತ್ತಿದ್ದರು. ಕೂಟದಲ್ಲಿ ನಾವು ಆಡುತ್ತಿದ್ದ ಮಾತುಗಳ ಹಾಗಿರಲಿಲ್ಲ ಅದು. "ಈ ಹಾಡೋ ಹೆಂಗಸಿಗೆ ಅವತ್ತ ನೆಗಡಿ ಆಗಿತ್ತು," ಎನ್ನುತ್ತಿದ್ದರು. "ತಬಲಾದಾಂವ ಸಿಟ್ಟಿಗೆದ್ದಾನ ನೋಡು," ಎಂದು ನಗುತ್ತಿದ್ದರು. ಒಮ್ಮೆ ನನ್ನನ್ನು ಸುಮ್ಮನೆ ನೋಡುತ್ತಿದ್ದು, "ನೀ ಒಬ್ಬಾಕೀನಽ ಭಾಳ ಕೇಳಬ್ಯಾಡ ತಂಗಿ," ಎಂದರು. ನಾನು ಹಾಡು ಬದಲಿಸಿದೆ. ಅವರ ಬಲಗಡೆ ಕಾಕಾ, ಎಡಗಡೆ ನಾನು, ಇಬ್ಬರೂ ಬಾಗಿ ಕೂತು ಕೇಳುತ್ತಿದ್ದೆವು. ನನ್ನ ಮನೆಯಲ್ಲಿದ್ದ ದೊಡ್ಡ ದೊಡ್ಡ ಹೆಡ್‌ಫೋನುಗಳು ಧೂಳು ಹಿಡಿದವು. ಆ ಸೋರಿದ ಹಾಡಿನಲ್ಲಿ ಬಾಯಾಂ ಇರುತ್ತಿರಲಿಲ್ಲ, ತಂಬೂರಿ ಸೊಳ್ಳೆಯಂತೆ ಕೇಳುತ್ತಿತ್ತು. ಆದರೂ ಅದನ್ನೇ ಕೇಳಬೇಕೆನ್ನಿಸುತ್ತಿತ್ತು.

ಚಳಿ ಶುರುವಾಗುವ ಹೊತ್ತಿಗೆ ಗಡ್ಡೆ ಮತ್ತೆ ಬೆಳೆಯಿತು. ಇನ್ನೊಮ್ಮೆ ಶಸ್ತ್ರಚಿಕಿತ್ಸೆ ತಾಳುವ ಶಕ್ತಿ ಇಲ್ಲವೆಂದರು ಡಾಕ್ಟರು. ಕಾಕುಗೆ ತಲೆದಿಂಬಿನ ಒತ್ತು ಸಹ ತಡೆಯಲಾಗದಾಯಿತು. ಅಷ್ಟು ಹುಡುಕಿ ತಂದ ಹಗುರಾದ ಹೆಡ್‌ಫೋನ್ ಕೂಡ ಭಾರವಾಯಿತು. ತೊಡಿಸಿದೊಡನೆ ಹುಬ್ಬು ಗಂಟಿಕ್ಕಿ ಮುಖ ತಿರುಗಿಸುತ್ತಿದ್ದರು.

ಒಂದು ಮಧ್ಯಾಹ್ನ ರಜೆ ಹಾಕಿ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಕಾಕಾ ಮಂಚದ ತಲೆದೆಸೆಗೆ ನಿಂತು, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಅಗಲಿಸಿ, ಕಾಕುವಿನ ಕಿವಿಗಳಿಂದ ಒಂದು ಬೆರಳಿನಷ್ಟು ದೂರದಲ್ಲಿ ಹಿಡಿದಿದ್ದರು. ಎಲ್ಲಿಯೂ ಮುಟ್ಟುತ್ತಿರಲಿಲ್ಲ. ಖಯಾಲಿನ ನಿಧಾನಗತಿಯ ವಿಲಂಬಿತ್ ನಡೆಯುತ್ತಿತ್ತು, ಅದು ಬೇಗ ಮುಗಿಯುವಂಥದ್ದಲ್ಲ. ಅವರ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಕಾಕುವಿನ ಹುಬ್ಬು ಸಡಿಲವಾಗಿತ್ತು.

"ಕೊಡ್ರಿ ಕಾಕಾ, ಸ್ವಲ್ಪ ಹೊತ್ತು ನಾ ಹಿಡೀತೀನಿ," ಎಂದೆ.

"ಅಲುಗಾಡಬಾರದು ತಂಗಿ," ಎಂದು ಮೆಲ್ಲಗೆ ನನ್ನ ಕೈಗೆ ದಾಟಿಸಿದರು. ನಾನು ಹಿಡಿದೆ. ಕೈ ಸೋತಾಗ ಅವರು ಹಿಡಿದರು. ಹಾಗೆ ಕೈ ಬದಲಿಸುತ್ತ, ಕೊನೆಯ ವೇಗದ ದ್ರುತ್‌ವರೆಗೂ ಹೋದೆವು. ಕಾಕು ಒಮ್ಮೆ ಮಾತ್ರ ಕಣ್ಣು ತೆರೆದು, "ಈಗ ಛಲೋ ಕೂತದ," ಎಂದರು. ತಲೆಯ ಮೇಲೆ ಏನೂ ಕೂತಿರಲಿಲ್ಲ...

ಅದೇ ವಾರ ಅವರು ಹೋದರು.

ಹದಿಮೂರನೆಯ ದಿನದ ಕಾರ್ಯವೆಲ್ಲ ಮುಗಿದು ಎಷ್ಟೋ ದಿನಗಳ ಮೇಲೆ ಕಾಕಾ ಹೋಟೆಲಿನ ಮೆಟ್ಟಿಲು ಹತ್ತಿ ಬಂದರು. ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು. ಗವಸು ತೆಗೆದುಬಿಟ್ಟಿದ್ದರು. ಮಾಲೀಕರು ಕಾಫಿ ತರಿಸಿ, ಹೆಡ್‌ಫೋನನ್ನು ಅವರ ಕಡೆಗೇ ಸರಿಸಿ, "ನೀವೇ ಇಟ್ಕೊಳ್ಳಿ ಮಾರಾಯ್ರೆ. ಒಂದು ಸಲ ಹಾಡು ಹಾಕಿ ಕೇಳಿ. ನೀವು ಇದರಲ್ಲಿ ಸರಿಯಾಗಿ ಕೇಳಿಯೇ ಇಲ್ಲ," ಎಂದರು.

ಹೌದಲ್ಲ ಎಂದು ನನಗೂ ಆಗಲೇ ಹೊಳೆದದ್ದು. ಅಷ್ಟೂ ದಿನ ಅವರು ಜಾಲರಿಗೆ ಕಿವಿ ಇಟ್ಟು ಕೇಳಿದ್ದರೇ ಹೊರತು ಅದನ್ನು ತಾವೇ ಹಾಕಿಕೊಂಡು ಹಾಡು ಕೇಳಿರಲಿಲ್ಲ.

ಕಾಕಾ ಹಾಕಿಕೊಂಡರು. ಕಾಕುವಿಗೆ ಪ್ರಿಯವಾಗಿದ್ದ ಖಯಾಲನ್ನೇ ಹಚ್ಚಿದೆ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಆಲಾಪ ಇನ್ನೂ ಮುಗಿದಿರಲಿಲ್ಲ, ಅವರು ತೆಗೆದುಬಿಟ್ಟರು.

"ಇದು ಭಾಳ ಹತ್ತಿರ ಆತ್ರೀ," ಎಂದರು. "ನನಗ ತುಸು ದೂರದಿಂದ ಕೇಳಿ ರೂಢಿ."

ಹೆಡ್‌ಫೋನನ್ನು ಮಾಲೀಕರ ಮುಂದೆಯೇ ಇಟ್ಟರು. ಅವರು ಕಾಫಿ ಪೂರ್ತಿ ಕುಡಿದು, ಎಲ್ಲರಿಗೂ ಕೈಮುಗಿದು ಇಳಿದುಹೋದರು. ಆ ಬೇಸಿಗೆಯಲ್ಲಿ ಮನೆ ಖಾಲಿ ಮಾಡಿ ಬೆಳಗಾವಿಗೆ, ತಮ್ಮನ ಮನೆಗೆ ಹೋದರು. ಮೊದಮೊದಲು ಫೋನಿನಲ್ಲಿ ಮಾತಾಡುತ್ತಿದ್ದೆವು. ಆರೋಗ್ಯ, ಹವೆ, ಊಟ. ಹಾಡಿನ ಮಾತು ಅವರೂ ತೆಗೆಯುತ್ತಿರಲಿಲ್ಲ, ನಾನೂ ತೆಗೆಯುತ್ತಿರಲಿಲ್ಲ. ಆಮೇಲೆ ಕರೆಗಳು ಹಬ್ಬಕ್ಕೊಂದಾದವು, ಆಮೇಲೆ ಅದೂ ಇಲ್ಲ... ಹೋಟೆಲಿನ ಮಾಲೀಕರು ಮೊಣಕಾಲು ನೋವೆಂದು ವ್ಯವಹಾರವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಊರಿಗೆ ಹೊರಟರು. ಮಾಳಿಗೆ ಎಸಿ ಹಾಲ್ ಆಯಿತು. ಕೂಟ ವಾಟ್ಸ್ಯಾಪಿಗೆ ಹೋಯಿತು. ಈಗ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕೂತು ಕೇಳಿ, ಬೇಸು, ಟ್ರೆಬಲ್ಲು, ಮೆತ್ತೆ, ತೂಕ ಎಂದು ಬರೆದು ಹಾಕುತ್ತಾರೆ. ಓದಿ ಹೆಬ್ಬೆರಳಿನ ಚಿತ್ರ ಒತ್ತುತ್ತೇನೆ.

ಈ ವರ್ಷ ಬೇಸಿಗೆಯಲ್ಲಿ ಸಂಬಂಧಿಕರ ಮದುವೆಗೆಂದು ಬೆಳಗಾವಿಗೆ ಹೋದಾಗ ವಿಳಾಸ ಕೇಳಿಕೊಂಡು ಆ ಮನೆಗೆ ಹೋದೆ. ಬಾಗಿಲು ತೆರೆದದ್ದು ಕಾಕಾನ ತಮ್ಮನ ಹೆಂಡತಿ. ನಾನು ಯಾರೆಂದು ಹೇಳುತ್ತಿದ್ದಂತೆ ಅವರ ಮುಖ ನೋಡಿಯೇ ತಿಳಿಯಿತು. ಕಾಕಾ ಕಳೆದ ದೀಪಾವಳಿಗೆ ಮುಂಚೆ ಹೋದರಂತೆ, ಮಲಗಿದಲ್ಲೇ. ನನ್ನ ನಂಬರು ಯಾರಿಗೂ ಗೊತ್ತಿರಲಿಲ್ಲ.

ಆಕೆ ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಎದುರಿಗೆ ಕೂತರು.

"ಪುಣೇದ ಮಾತು ಭಾಳ ತಗೀತಿದ್ರು," ಎಂದರು. "ಅಲ್ಲಿ ನಮ್ಮ ಮಂದಿ ಇದ್ರು, ಎಲ್ಲಾರೂ ಕೂಡಿ ಹಾಡು ಕೇಳ್ತಿದ್ವಿ ಅಂತಿದ್ರು. ಹೌದೇನ್ರೀ?"

ಆ ಮಾಳಿಗೆ ಕಣ್ಣ ಮುಂದೆ ಬಂತು. ಸಾಲು ಕುರ್ಚಿಗಳಲ್ಲಿ ಕಿವಿ ಮುಚ್ಚಿಕೊಂಡು ಕೂತ ನಾವು, ಒಬ್ಬರಿಗೆ ಕೇಳಿದ್ದು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಅಲ್ಲಿ ನಾವು ಒಮ್ಮೆಯೂ ಕೂಡಿ ಕೇಳಿರಲಿಲ್ಲ.

"ಹೌದ್ರಿ," ಎಂದೆ. "ಕೂಡಿಽ ಕೇಳ್ತಿದ್ವಿ."

ನಾನು ಈಗಲೂ ಕೇಳುತ್ತೇನೆ, ಧನಕವಡಿಯ ಅದೇ ಮನೆಯಲ್ಲಿ. ಹಾಡುವವರು ಹಣೆಯ ಮುಂದೆಯೇ ಕೂತಿರುತ್ತಾರೆ. ಚಂದದ ಒಂದು ತಾನ ಬಂದಾಗ, ಕೇಳಿಸಿತೇ ಎಂದು ಅಭ್ಯಾಸದಿಂದ ಪಕ್ಕಕ್ಕೆ ತಿರುಗುತ್ತೇನೆ. ಅಷ್ಟರಲ್ಲಿ ಅದು ಮುಗಿದು ಹಾಡು ಮುಂದಕ್ಕೆ ಹೋಗಿರುತ್ತದೆ.