ಮಾಮಿ ಹೊಯ್ದ ನೀರು

ತುರುಬು ಕಟ್ಟುವಾಗ ಮಾಮಿಯ ಕೈ ತಲೆಗೆ ಹೋಗುತ್ತಿರಲಿಲ್ಲ, ತಲೆಯೇ ಕೈಯ ಹತ್ತಿರ ಇಳಿದು ಬರುತ್ತಿತ್ತು. ಬಲಭುಜ ಹಿಡಿದುಕೊಂಡು ವರ್ಷಗಳಾಗಿದ್ದವು. ಚಾವಡಿಯ ಮೂಲೆಯಲ್ಲಿ ಕುಳಿತು, ಕುತ್ತಿಗೆ ವಾಲಿಸಿ ಕೂದಲು ಸುತ್ತುವ ಅವರನ್ನು ನೋಡಿದರೆ, ನೆಲದೊಳಗಿನ ಮಾತೇನನ್ನೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಗಂಡನ ತಾಯಿಯನ್ನು ನಮ್ಮ ಕಡೆ ಮಾಮಿ ಎನ್ನುವುದು ವಾಡಿಕೆ.

ನಾನು ನಾರಾವಿಯಿಂದ ಪುತ್ತಿಗೆಯ ಆ ಮನೆಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ನನ್ನ ಅಮ್ಮ ಅದಾಗಲೇ ತೀರಿಕೊಂಡಿದ್ದರು. ಹೋಗಲು ತವರೆಂಬುದು ಇರಲಿಲ್ಲ. ಬಾಣಂತಿಗೆ ದಿನವೂ ಎಣ್ಣೆ ಹಚ್ಚಿ, ಅಡಿಕೆ ಹಾಳೆಯಲ್ಲಿ ಬಿಸಿನೀರು ಮೊಗೆದು ಸೊಂಟಕ್ಕೆ ಬೀಸಿ ಹೊಡೆಯಬೇಕು. ನೀರು ಬಿದ್ದ ರಭಸಕ್ಕೇ ಸಡಿಲವಾದ ಮೈ ಕೂಡಿಕೊಳ್ಳುತ್ತದೆಂದು ನಂಬಿಕೆ. ಅದು ತಾಯಿಯ ಕೆಲಸ. ಊರಲ್ಲಿ ಅದಕ್ಕೆಂದು ಬರುವ ಹೆಂಗಸರಿದ್ದರು, ಮಾಮಿ ಕರೆಸಲು ಒಪ್ಪಲಿಲ್ಲ. “ಅವಳಿಗೆ ಅಮ್ಮ ಇಲ್ಲ. ನಾನೇ ಮಾಡ್ತೇನೆ” ಎಂದರು. ಮೇಲೇಳದ ಆ ಕೈಯಲ್ಲಿ ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ದಾರಿ ಹುಡುಕಿದ್ದು ನನ್ನ ಗಂಡ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವರು ರಜೆಗೆ ಬರುವಾಗ ಒಂದು ಶವರ್ ತಂದರು. ಬಚ್ಚಲ ಗೋಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಡ್ರಮ್ಮು, ಅದರಲ್ಲಿ ಬಿಸಿನೀರು. ಅಲ್ಲಿಂದ ಪೈಪು ಇಳಿಸಿದರೆ ಅಮ್ಮ ಕೈಯೆತ್ತುವುದೇ ಬೇಡ ಎಂಬುದು ಅವರ ಲೆಕ್ಕ. ಪೈಪು ಕೂರಿಸಿ ಸಿಮೆಂಟು ಮೆತ್ತಲು ಹೊರಟವರನ್ನು ಮಾಮಿ ತಡೆದರು. ಮೊದಲು ನೀರಿಗೆ ಜೋರು ಉಂಟಾ ನೋಡುವ, ಗೋಡೆ ಕೆಡಿಸುವುದು ಆಮೇಲೆ ಎಂದರು.

ಪರೀಕ್ಷೆಯೂ ಅವರದೇ ರೀತಿಯದು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಅಡ್ಡಿಯಿಲ್ಲ ಎಂದ ಮಗನ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಶವರನ್ನು ಹಗ್ಗದಲ್ಲಿ ಕಟ್ಟಿಸಿ, ಉಟ್ಟ ಸೀರೆಯಲ್ಲೇ, ಬಾಣಂತಿ ಕೂರುವ ಮಣೆಯ ಮೇಲೆ ಬೆನ್ನು ಬಗ್ಗಿಸಿ ಕುಳಿತರು. ಮಾಡಿನ ಗಾಜಿನ ಹಂಚಿನಿಂದ ಬಿಸಿಲಕೋಲೊಂದು ಇಳಿದಿತ್ತು. ಹನಿಗಳು ಅದರೊಳಗೆ ಹೊಳೆಯುತ್ತ, ಅವಸರವೇ ಇಲ್ಲದೆ ಅವರ ಮೇಲೆ ಬೀಳುತ್ತಿದ್ದವು. ತುಂಬಿದ ಹೊಟ್ಟೆ ಹೊತ್ತು ಬಾಗಿಲಿಗೊರಗಿದ್ದ ನನಗೆ ಅದು ಎಚ್ಚರವೋ ನಿದ್ದೆಯೋ ತಿಳಿಯದಷ್ಟು ಚಂದ ಕಂಡಿತು. ಮಾಮಿ ಮಾತ್ರ ಕಣ್ಣು ಮುಚ್ಚಿ, ಬೆನ್ನಿನಲ್ಲೇ ನೀರಿನ ತೂಕ ನೋಡುತ್ತಿದ್ದರು.

“ಇದು ತೀರ್ಥ ಪ್ರೋಕ್ಷಣೆ ಮಾರಾಯ, ಸ್ನಾನ ಅಲ್ಲ.”

ಗಂಡ ಡ್ರಮ್ಮನ್ನು ಜಂತಿಗೆ ತಾಗುವಷ್ಟು ಮೇಲೇರಿಸಿದರು. ಮಾಮಿ ಮತ್ತೆ ಒದ್ದೆಯಾದರು. ಈಗ ಸ್ವಲ್ಪ ತಾಗುತ್ತದೆ, ಆದರೆ ಸೊಂಟಕ್ಕೆ ಸಾಲದು ಎಂಬ ತೀರ್ಪು ಬಂತು. ಅದಕ್ಕಿಂತ ಮೇಲೆ ಹಂಚು. ಶವರ್ ಕಾಗದದಲ್ಲಿ ಸುತ್ತಿ ಪೆಟ್ಟಿಗೆ ಸೇರಿತು. ಮುಂದೊಂದು ದಿನ ಬಸಳೆಗೆ ನೀರು ಹಾಕುವ ಡಬ್ಬಕ್ಕೆ ಮೂತಿಯಾಯಿತು. ಪೆಚ್ಚುಮೋರೆ ಹೊತ್ತು ಗಂಡ ಬೊಂಬಾಯಿಗೆ ಮರಳಿದರು. ನನಗೆ ಒಳಗೊಳಗೇ ಭಯ ಹತ್ತಿತು.

ಹೆತ್ತ ಮೇಲಿನ ಮೊದಲ ಸ್ನಾನದ ದಿನ ಮಾಮಿ ಹಾಳೆಯನ್ನು ಮುಟ್ಟಲೇ ಇಲ್ಲ. ಕೊಡಪಾನದಲ್ಲಿ ಬಿಸಿನೀರು ತುಂಬಿ ಎಡಸೊಂಟಕ್ಕೇರಿಸಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರು. ನೀರು ಮೇಲಿನಿಂದ ಬಿದ್ದಷ್ಟೂ ಜೋರು ಎಂದು ಮಗನ ಡ್ರಮ್ಮು ಕಲಿಸಿತು ಎನ್ನುತ್ತ ನಕ್ಕು ಕೊಡಪಾನ ಬಗ್ಗಿಸಿದರು. ಬೀಸುವ ಕೈ ಬೇಕಾಗಲಿಲ್ಲ. ನೀರು ದಪ್ಪಗೆ ಬಂದು ಸೊಂಟಕ್ಕೆ ಅಪ್ಪಳಿಸಿತು. ಬಚ್ಚಲಿಡೀ ಹಬೆ, ಎಣ್ಣೆಯ ಪರಿಮಳ. ಎಲ್ಲಿದ್ದೇನೆ, ಯಾರ ಮನೆ ಇದು ಎಂಬುದೇ ಮರೆತುಹೋಯಿತು. ಅಮ್ಮ ಸತ್ತಾಗ ಅಳದೆ ಬಿಗಿಹಿಡಿದಿದ್ದವಳು ಆ ನೀರಿನ ಸದ್ದಿನೊಳಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮಾಮಿ ಇಳಿದರು, ತುಂಬಿದರು, ಹತ್ತಿದರು, ಮತ್ತೆ ಹೊಯ್ದರು. “ಹಂಡೆಯಲ್ಲಿ ಇನ್ನೂ ನೀರುಂಟು ಮಗಾ, ಅವಸರ ಇಲ್ಲ” ಎಂದರು. ನನ್ನ ಅಳು ಮುಗಿಯುವವರೆಗೂ ಅವರು ಹೊಯ್ಯುತ್ತಲೇ ಇದ್ದರು.

ಎಷ್ಟೋ ವರ್ಷಗಳ ನಂತರ ಒಂದು ಮಧ್ಯಾಹ್ನ ಉಂಡು ಮಲಗಿದ ಮಾಮಿ ಏಳಲಿಲ್ಲ. ಆ ಸ್ನಾನವಾದ ಮೇಲೆ ಅಮ್ಮ ಇಲ್ಲದವಳು ಎಂಬ ಮಾತು ನನ್ನ ಬಾಯಲ್ಲಿ ಬಂದದ್ದೇ ಇರಲಿಲ್ಲ. ಮಾಮಿ ಹೋದ ದಿನ, ಅಂಗಳದಲ್ಲಿ ಸೇರಿದ ಜನರೆದುರು, ನನಗಿನ್ನು ಅಮ್ಮ ಇಲ್ಲ ಎಂದು ಹೇಳಿಕೊಂಡು ಅತ್ತೆ.